ನಾಲ್ಕನೆಯ ಮೂಲೆ

ವೇಲ್ಸ್
11 ಮಾರ್ಚ್ 2000

ಅಜಯಣ್ಣಾ,

ಇವತ್ತು ಬೆಳಿಗ್ಗೆ ಹಾಸ್ಟೆಲಿನ ಪತ್ರದ ಗೂಡಿನಲ್ಲಿ ನಿನ್ನ ಲಕೋಟೆ ಇತ್ತು. ಒಡೆಯುವ ಮೊದಲೇ ಕಣ್ಣಿಗೆ ಬಿದ್ದದ್ದು ಅದರ ಮೂಲೆಗಳು. ಮೂರು ಮೂಲೆಗೆ ಅರಿಶಿನ ಹಚ್ಚಿದೆ. ನಾಲ್ಕನೆಯ ಮೂಲೆಯೇ ಇಲ್ಲ. ಹರಿದಿದೆ.

ಅರಿಶಿನ ಹಚ್ಚಿದ ಕಾಗದ ಮದುವೆಯದು, ಮೂಲೆ ಹರಿದ ಕಾಗದ ಸಾವಿನದು. ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಅಪ್ಪ ಹೋದಾಗ ನೀನೇ ಕೂತು ಕಾರ್ಡುಗಳ ಮೂಲೆ ಹರಿದದ್ದು ನನಗೆ ನೆನಪಿದೆ. ಒಂದೇ ಲಕೋಟೆಯಲ್ಲಿ ಮದುವೆಯನ್ನೂ ಸಾವನ್ನೂ ಕಳಿಸಿದ್ದೀಯಲ್ಲ, ನಾನು ಯಾವುದನ್ನು ಓದಲಿ? ಮೆಟ್ಟಿಲ ಮೇಲೆ ಕೂತು ಅವ್ವಿಗೆ ಏನಾಯಿತೋ ಎಂದುಕೊಂಡೇ ಒಡೆದೆ. ಒಳಗೆ ನೋಡಿದರೆ ಯಾರೂ ಸತ್ತಿಲ್ಲ, ಯಾರ ಮದುವೆಯೂ ಇಲ್ಲ. ಎಂದಿನಂತೆ ಅವ್ವಿಯ ಹೆಸರಿನಲ್ಲಿ ಹತ್ತು ಸಾಲು. ಹವೆ, ಮೀನಿನ ಬರಗಾಲ, ಕಡೆಗೆ 'ಜೂನ್ ಮೊದಲ ವಾರಕ್ಕೆ ಊರಿಗೆ ಬರುವಂತೆ ಟಿಕೇಟು ಬದಲಿಸತಕ್ಕದ್ದು.'

ಯಾಕೆ ಬದಲಿಸಬೇಕು? ನನ್ನ ಎಂ.ಎ. ಮುಗಿಯುವುದು ಸೆಪ್ಟೆಂಬರಿನಲ್ಲಿ. ಇಡೀ ಬೇಸಿಗೆ ಪ್ರಬಂಧ ಬರೆಯಬೇಕು. ಅದನ್ನು ಒಪ್ಪಿಸದಿದ್ದರೆ ಪದವಿ ಇಲ್ಲ, ಸ್ಕಾಲರ್‌ಶಿಪ್ ಕೊಟ್ಟವರ ಮುಂದೆ ಮುಖವೂ ಇಲ್ಲ. ಇದನ್ನು ಮೂರು ಸಲ ಬರೆದಿದ್ದೇನೆ. ಅವ್ವಿಗೆ ಓದಿ ಹೇಳಿದ್ದೀಯ ತಾನೆ?

ಫೋನಿನಲ್ಲಿ ಕೇಳೋಣವೆಂದರೆ ಫೋನು ಇರುವುದು ನೀನು ಕೆಲಸ ಮಾಡುವ ಐಸ್ ಫ್ಯಾಕ್ಟರಿಯಲ್ಲಿ. ಕಳೆದ ಸಲ ಅವ್ವಿಯನ್ನು ಕರೆಸಿದಾಗ ಅವಳು 'ಹೂಂ, ಹೂಂ' ಬಿಟ್ಟು ಬೇರೆ ಮಾತಾಡಲಿಲ್ಲ. ಹಿಂದಿನಿಂದ ನಿನ್ನ ಕೆಮ್ಮು ಕೇಳುತ್ತಿತ್ತು.

ಯಾರ ಮದುವೆ? ಬರಿ. ಅವ್ವಿಯ ಮೊಣಕಾಲು ಹೇಗಿದೆ? ಅದನ್ನೂ ಬರಿ.

ನಿನ್ನ ತಂಗಿ,
ನರ್ಮದಾ


ಹೆಬಳೆ, ಭಟ್ಕಳ
24 ಮಾರ್ಚ್ 2000

ಚಿ. ಕುಮಾರಿ ನರ್ಮದಾಳಿಗೆ ತಾಯಿ ದುರ್ಗಮ್ಮ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಅತ್ತ ನಿನ್ನ ಕ್ಷೇಮವನ್ನು ಬಯಸುತ್ತೇವೆ.

ಸದರಿ ಲಕೋಟೆಯ ಮೂಲೆಯನ್ನು ಅಂಚೆಯವರೋ ಇಲಿಯೋ ಹರಿದಿರಬಹುದು. ಅದಕ್ಕೆ ವಿಶೇಷ ಅರ್ಥ ಕಲ್ಪಿಸುವ ಅಗತ್ಯವಿಲ್ಲ. ಅರಿಶಿನ ಮಾತ್ರ ನಿನ್ನದೇ ಮದುವೆಯದು. ಹೊನ್ನಾವರದ ಬೋಟಿನ ವೆಂಕಟ್ರಮಣರ ಮಗ ನಿತ್ಯಾನಂದ ಎಂಬ ವರನಿಗೆ ನಿನ್ನನ್ನು ಕೊಡುವುದೆಂದು ಮಾತಾಗಿದೆ. ಬೋಟುಗಳನ್ನು ಮಳೆಗಾಲಕ್ಕೆ ದಡಕ್ಕೆ ಏರಿಸಿದ ಮೇಲೆ ಎರಡೂ ಕಡೆಯ ಜನ ಬಿಡುವಾಗಿರುವುದರಿಂದ ಜೂನ್ ಕೊನೆಯ ವಾರದಲ್ಲಿ ಮುಹೂರ್ತ ಇಡಲಾಗಿದೆ. ಉಳಿದ ಓದನ್ನು ಮದುವೆಯ ನಂತರ ಅಂಚೆಯ ಮೂಲಕ ಮುಗಿಸಬಹುದಾಗಿರುತ್ತದೆ. ನನ್ನ ಪೂರ್ಣ ಸಮ್ಮತಿ ಇದೆ. ಆದಕಾರಣ ಟಿಕೇಟಿನ ಬಗ್ಗೆ ಕೂಡಲೇ ಕ್ರಮ ಕೈಗೊಳ್ಳುವುದು.

ಇಂತಿ ನಿನ್ನ ತಾಯಿ
ದುರ್ಗಮ್ಮ (ಹೆಬ್ಬೆಟ್ಟಿನ ಗುರುತು)

ವಿ.ಸೂ.: ತಂಗೀ, ಹುಡುಗ ಒಳ್ಳೆಯವ. ನಿನ್ನಂತೆಯೇ ಮಾತು ಕಡಿಮೆ. ನೀನು ಸುಮ್ಮನೆ ಬಾ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. — ಅಜಯ


ವೇಲ್ಸ್
4 ಏಪ್ರಿಲ್ 2000

ಅಣ್ಣಾ,

'ಸದರಿ ಲಕೋಟೆ.' 'ಕ್ರಮ ಕೈಗೊಳ್ಳುವುದು.' ತಲೆಯ ಮೇಲೆ ಮೀನು ಬುಟ್ಟಿ ಹೊತ್ತು, 'ಏ ಮಾರಾಯಾ, ದಾರಿ ಬಿಡ್ತೆಯಾ, ನಿನ್ನ ತಲೆ ಮೇಲೂ ಬಂಗಡೆ ಹುಯ್ಯುಕಾ' ಎಂದು ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರನನ್ನು ಗದರಿಸುವ ಹೆಂಗಸು ಮಗಳಿಗೆ 'ಆದಕಾರಣ' ಎಂದು ಬರೆಸುತ್ತಾಳೆಯೇ? ಇದು ನಿನ್ನ ಐಸ್ ಫ್ಯಾಕ್ಟರಿಯ ಆಫೀಸಿನ ಕನ್ನಡ. ಆರು ತಿಂಗಳಿಂದ ನಾನು ಓದುತ್ತಿದ್ದದ್ದು ಇದನ್ನೇ.

ನನ್ನ ಮೇಲೆ ನನಗೆ ಬಂದ ಸಿಟ್ಟು ಕೇಳು. ಇಲ್ಲಿ ನಮ್ಮ ಪ್ರೊಫೆಸರು ಪ್ರತಿ ವಾರ ಯಾವುದೋ ಕಾದಂಬರಿಯ ಒಂದು ಪುಟ ಕೈಗೆ ಕೊಟ್ಟು, 'ಇಲ್ಲಿ ಮಾತಾಡುತ್ತಿರುವವರು ಯಾರು?' ಎಂದು ಕೇಳುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಕೂತು, ಬಾಯಿ ಬಿಡದೆ, ಸರಿಯಾದ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಮನೆಯ ಕಾಗದ ಓದುವಾಗ ಮಾತ್ರ ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಅವ್ವಿ ನನ್ನ ಬಗ್ಗೆ ಒಂದು ಮಾತೂ ಕೇಳುವುದಿಲ್ಲವಲ್ಲ, ನಾನು ಉಂಡೆನೋ ಬಿಟ್ಟೆನೋ ಅವಳಿಗೆ ಬೇಡವಾಯಿತಲ್ಲ ಎಂದು ಚಳಿಗಾಲವಿಡೀ ಅವಳ ಮೇಲೆ ಮುನಿಸಿಕೊಂಡಿದ್ದೆ. ಕ್ರಿಸ್‌ಮಸ್ ರಜೆಯಲ್ಲಿ ಹಾಸ್ಟೆಲು ಖಾಲಿಯಾಗಿ ನಾನೊಬ್ಬಳೇ ಉಳಿದಾಗ ಎರಡು ವಾರ ಮನೆಗೆ ಬರೆಯಲಿಲ್ಲ. ಬೇಕೆಂದೇ. ಈಗ ಅದನ್ನು ನೆನೆದರೆ ನಿನ್ನ ಕೈಯಿಂದ ಪೆನ್ನು ಕಸಿದುಕೊಳ್ಳಬೇಕು ಅನಿಸುತ್ತದೆ.

ನಿತ್ಯಾನಂದರನ್ನು ನಾನು ನೋಡಿಲ್ಲ. ಅವರ ಬಗ್ಗೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಆದರೆ ನನ್ನನ್ನು ಕೇಳದೆ ನನ್ನ ಮದುವೆಗೆ ಅರಿಶಿನ ಹಚ್ಚಲು ನೀನು ಯಾರು? 'ಉಳಿದ ಓದನ್ನು ಅಂಚೆಯ ಮೂಲಕ' ಅಂತೆ. ಇದೇನು ಟೈಪಿಂಗ್ ಪರೀಕ್ಷೆಯೇ?

ಈ ಕಾಗದವನ್ನು ಅವ್ವಿಗೆ ಓದಿ ಹೇಳು. ಪೂರ್ತಿ. ನಿನಗೆ ನಾಚಿಕೆಯಾಗುವ ಸಾಲುಗಳನ್ನೂ ಸೇರಿಸಿ.

ನರ್ಮದಾ


ಭಟ್ಕಳ
18 ಏಪ್ರಿಲ್ 2000

ನರ್ಮದಾ,

ನಾನು ಮಂಗಲಾ. ಕುಮಟಾ ಕಾಲೇಜಿನಲ್ಲಿ ಮೂರು ವರ್ಷ ನಿನ್ನ ಪಕ್ಕ ಕೂತು ನಿನ್ನ ನೋಟ್ಸ್ ನಕಲು ಮಾಡಿದವಳು. ಈಗ ಭಟ್ಕಳ ಮೀನು ಮಾರ್ಕೆಟ್ಟಿನ ಎದುರು ನನ್ನದೊಂದು ಎಸ್‌ಟಿಡಿ ಬೂತ್ ಇದೆ, ಜೆರಾಕ್ಸ್ ಮೆಶಿನ್ನೂ ಇದೆ. ನಕಲು ಮಾಡುವ ಅಭ್ಯಾಸ ಹೀಗೆ ಉಪಯೋಗಕ್ಕೆ ಬಂತು.

ಇವತ್ತು ಮಧ್ಯಾಹ್ನ ನಿನ್ನ ಅವ್ವಿ ಖಾಲಿ ಬುಟ್ಟಿಯನ್ನು ಹೊರಗಿಟ್ಟು ಒಳಗೆ ಬಂದರು. 'ಫೋನು ಮಾಡ್ಕೊಡ್ತೆ, ಮಾತಾಡಿ' ಎಂದೆ. 'ಬೇಡ. ಫೋನಲ್ಲಿ ಕಣ್ಣೀರು ಹಾಕ್ತಾ ಮರ್ಕೂತ ಕೂತ್ರೆ ಹೇಳುಕೆ ಇದ್ದದ್ದು ಹೊಟ್ಟೆಲೇ ಉಳಿತದೆ. ನೀ ಬರಿ. ನಾ ಹೇಳ್ದಷ್ಟೇ ಬರಿ. ನಿಂದೊಂದ್ ಮಾತು ಸೇರ್ಸಿದ್ರೆ ನಾಳಿಂದ ನಿನ್ನ ಮನಿಗೆ ಕೊಳೆತ ತಾರ್ಲೆ ಮೀನೇ' ಎಂದರು. ಅದಕ್ಕೆ ಹೇಳಿದಷ್ಟೇ ಬರೆಯುತ್ತಿದ್ದೇನೆ. ಇಲ್ಲಿಂದ ಮುಂದೆ ಮಾತು ಅವರದು.

ಮಗಾ, ಆ ಲಕೋಟೆ ಮೂಲೆ ಹರಿದದ್ದು ನಾನು. ಅಜಯ ಅರಿಶಿನ ಹಚ್ಚಿ, 'ಮಾರ್ಕೆಟ್ಟಿಗೆ ಹೋಗ್ತಾ ಡಬ್ಬಿಗೆ ಹಾಕು' ಅಂತ ಕೊಟ್ಟ. ಬುಟ್ಟಿ ತಲೆ ಮೇಲೆ, ಕಾಗದ ಕೈಲಿ. ಡಬ್ಬಿ ಎದುರಿಗೆ ನಿಂತೆ. ಬರೆಯುಕೆ ನಂಗೆ ಬರುದಿಲ್ಲ. ಹರಿಯುಕೆ ಬತ್ತದಲ್ಲ? ಹರಿದೆ. ನೀ ಹೆದರ್ತೆ ಅಂತ ಗೊತ್ತಿತ್ತು. ಹೆದರ್ಲಿ ಅಂದೆ. ಹೆದರಿದ್ರೆ ಕೇಳ್ತೆ, ಕೇಳಿದ್ರೆ ಗೊತ್ತಾತದೆ.

ಜನವರಿಲಿ ನಿನ್ನ ಕಾಗದ ಬಂತು. ಅಜಯ ಓದ್ದ. 'ಅಣ್ಣ ತೋರಿಸಿದ ಹುಡುಗ ನನಗೆ ಒಪ್ಪಿಗೆ, ನಿಮ್ಮ ಇಷ್ಟವೇ ನನ್ನ ಇಷ್ಟ' ಅಂತ ಬರದಿದ್ದೆ ನೀನು ಅಂದ. ನಂಗೆ ಸರಿ ಕಾಣ್ಲಿಲ್ಲ. ಇನ್ನೊಂದ್ ಸಲ ಓದು ಅಂದೆ. ಎರಡನೇ ಸಲಕ್ಕೆ ಮಾತು ಬೇರೆ ಆತು. ಬರದಿಟ್ಟ ಕಾಗದ ಒಂದೊಂದು ಸಲ ಒಂದೊಂದು ಮಾತು ಹೇಳ್ತದ್ಯಾ? ಆ ಮಾತನ್ನೇ ಅವ ಹೊನ್ನಾವರಕ್ಕೆ ಹೋಗಿ ಹುಡುಗನ ಮನೆಯಲ್ಲೂ ಹೇಳಿ ಬಂದ.

ಮೀನು ತಗಂಬವರು ಕಿವಿರು ಎತ್ತಿ ನೋಡ್ತರು. ಕೆಂಪಿದ್ರೆ ಇವತ್ತಿಂದು, ಬಿಳ್ಚಿದ್ರೆ ಐಸಲ್ಲಿ ಇಟ್ಟದ್ದು. ಅವ ಓದಿದ ಕಾಗದ ಪೂರ್ತಿ ಐಸಲ್ಲಿ ಇಟ್ಟದ್ದು ಮಗಾ. ಅದ್ರಲ್ಲಿ ನನ್ನ ಮೊಣಕಾಲು ಇರ್ಲಿಲ್ಲ. ನೀ ನನ್ನ ಮೊಣಕಾಲು ಕೇಳದೆ ಕಾಗದ ಮುಗಿಸುವವಳಲ್ಲ.

ನಾನು ಅಜಯನ ಹತ್ರ ಎಷ್ಟೋ ಬರಿ ಅಂದಿದ್ದೆ. ಅವ ಬರದನೋ ಇಲ್ವೋ. ಅಲ್ಲಿ ಸಮುದ್ರ ಉಪ್ಪು ಅದ್ಯಾ? ನಿಂಜೊತೆ ಕೂತು ಉಂಬವರು ಯಾರಾದ್ರೂ ಇದ್ರಾ? ಆ ಚಳಿಲಿ ತಲೆಗೆ ಮಿಂದ್ರೆ ಕೂದಲು ಹೆಂಗೆ ಒಣಗ್ತದೆ? ಅಲ್ಲಿಯವರು ಮೀನಿನ ತಲೆ ತಿಂತರಾ, ಬಿಸಾಡ್ತರಾ? ಇಷ್ಟೂ ಬರಿ ಅಂದಿದ್ದೆ.

ಹುಡುಗ ಕೆಟ್ಟವ ಅಲ್ಲ. ದೂರದಿಂದ ನೋಡಿದ್ದೆ. ನಿಂಗೆ ಬೇಕಾದ್ರೆ ಬಾ, ನಾನೇ ಅರಿಶಿನ ಅರೆತೆ. ಬೇಡಾಂದ್ರೆ ಬೇಡ ಅನ್ನು. ಆದ್ರೆ ನೀನೇ ಅನ್ನು. ಸಣ್ಣಿರುವಾಗ ಯಾರಾದ್ರೂ ಬಂದ್ರೆ ನೀ ಕದದ ಹಿಂದೆ ಹೋಗ್ತಿದ್ದೆ. ನಿನ್ನ ಬದಲಿಗೆ ನಾನೇ ಮಾತಾಡ್ತಿದ್ದೆ. ಆ ಚಾಳಿ ಹಾಕ್ದವಳು ನಾನೇ. ಅದ್ಕೇ ಈಗ ಕಂಡವರೆಲ್ಲ ನಿನ್ನ ಬಾಯಲ್ಲಿ ಮಾತಾಡುಕೆ ಸುರು ಮಾಡಿದ್ರು.

ಆತು, ಇಷ್ಟೇ. ಮಂಗಲಾ, ಓದು ಕಾಂಬ.

ಅವ್ವಿ

ನರ್ಮದಾ, ಓದಿ ಹೇಳಿದೆ. ಎರಡು ಸಲ ಓದಿಸಿದರು. ಎರಡೂ ಸಲ ಒಂದೇ ಆದ ಮೇಲೆ 'ಹಾಂ' ಎಂದು ಎದ್ದರು. ಬಾಗಿಲ ತನಕ ಹೋದವರು ಸೊಂಟದ ಸಂಚಿ ಬಿಚ್ಚಿ ಇದನ್ನು ಕೊಟ್ಟರು. ಒಳಗೆ ಇಟ್ಟಿದ್ದೇನೆ. ಲಕೋಟೆಯ ಮೂಲೆ. ಎಲೆ ಅಡಿಕೆಯ ಜೊತೆಗೇ ಇಟ್ಟುಕೊಂಡಿದ್ದರು.

ಮಂಗಲಾ


ಹೆಬಳೆ
6 ಮೇ 2000

ನರ್ಮದಾ,

ಈ ಸಲ ನನ್ನ ಹೆಸರಲ್ಲೇ ಬರೆಯುತ್ತೇನೆ. ನಿನಗೆ ನನ್ನ ಕನ್ನಡ ನಗೆಯಾಯಿತಲ್ಲ.

ಹೌದು, ನಾನು ಓದಿದವನಲ್ಲ. ಯಾಕೆ ಓದಲಿಲ್ಲ, ಅದನ್ನು ನಿನ್ನ ಪ್ರೊಫೆಸರಿಗೆ ಹೇಳಿದ್ದೀಯಾ? ಅಪ್ಪ ಶರಾವತಿಯ ಅಳಿವೆಯಲ್ಲಿ ದೋಣಿ ಮುಳುಗಿ ತೀರಿಹೋದ ವರ್ಷ ನಾನು ಪಿಯುಸಿ. ದೋಣಿಯೂ ಇಲ್ಲ, ಅಪ್ಪನೂ ಇಲ್ಲ. ನಾನು ಐಸ್ ಫ್ಯಾಕ್ಟರಿಗೆ ಹೋದೆ, ನೀನು ಹೈಸ್ಕೂಲಿಗೆ ಹೋದೆ. ಕೈಬೆರಳು ಮರಗಟ್ಟಿ ಅನ್ನ ಕಲಸಲು ಬಾರದ ದಿನ ಅವ್ವಿ ತುತ್ತು ಮಾಡಿ ಕೊಟ್ಟದ್ದು ನೀನು ನೋಡಿದ್ದೀಯ. ಮೂಲೆಯಲ್ಲಿ ಪುಸ್ತಕ ಹಿಡಿದು ಕೂತು ನೋಡಿದ್ದೀಯ. ಆಫೀಸಿನ ಕುರ್ಚಿ ಸಿಕ್ಕಿದ್ದು ಎಂಟು ವರ್ಷ ಐಸ್ ಹೊತ್ತ ಮೇಲೆ.

ವೆಂಕಟ್ರಮಣಣ್ಣ ತಮ್ಮ ಎರಡನೇ ಬೋಟನ್ನು ನನ್ನ ಕೈಗೆ ಬಿಡುತ್ತೇನೆ ಎಂದಿದ್ದಾರೆ. ನೆಂಟಸ್ತಿಕೆ ಆದರೆ. ಐಸಿನಿಂದ ಹೊರಗೆ ಬರಲು ನನಗಿರುವುದು ಇದೊಂದೇ ಬಾಗಿಲು. ಹುಡುಗನಲ್ಲಿ ಒಂದು ಕೊರತೆ ತೋರಿಸು, ಈಗಲೇ ಬಿಡುತ್ತೇನೆ. ನಿನ್ನನ್ನು ಕೇಳದೆಯೇ, ನೀನು ಒಪ್ಪಿದ್ದೀಯ ಎಂದು ನಾನು ಹೇಳಿದ್ದು ಹೌದು. ನೀನು ಯಾವತ್ತು ಬಾಯಿ ಬಿಟ್ಟು ಬೇಕು, ಬೇಡ ಅಂದಿದ್ದೀಯ? ಎಲ್ಲದಕ್ಕೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅದನ್ನೇ ಒಪ್ಪಿಗೆ ಎಂದು ಇಷ್ಟು ವರ್ಷ ತಿಳಿದೆವು. ಈಗಲೂ ತಿಳಿದೆ.

ಸೀರೆ ತಂದಾಗಿದೆ. ಚಪ್ಪರಕ್ಕೆ ಹೇಳಿಯಾಗಿದೆ. ಹಳದೀಪುರದ ಅತ್ತೆಯ ಮನೆಯವರೆಗೂ ಮದುವೆಯ ಕರೆ ಹೋಗಿದೆ. ಅವ್ವಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅನ್ನ ಬಡಿಸಿ ಎದ್ದು ಹೋಗುತ್ತಾಳೆ. ನೀನು ಅವಳಿಗೆ ಏನು ಮಾಟ ಮಾಡಿದ್ದೀಯೋ.

ಈ ತಿಂಗಳ ಒಳಗೆ ಟಿಕೇಟಿನ ತಾರೀಕು ಬರೆದು ಕಳಿಸು. ಇಲ್ಲದಿದ್ದರೆ ನಿನ್ನ ಒಂದೇ ಒಂದು ಕಾಗದವನ್ನೂ ನಾನು ಅವ್ವಿಗೆ ಓದಿ ಹೇಳುವುದಿಲ್ಲ. ಈ ಮನೆಗೆ ಬಂದದ್ದು ಬಂದ ಹಾಗೇ ಒಲೆಗೆ ಹೋಗುತ್ತದೆ. ಅವಳ ಹತ್ತಿರ ಹೇಗೆ ಮಾತಾಡುತ್ತೀಯೋ ನೋಡುತ್ತೇನೆ.

ಅಜಯ


ವೇಲ್ಸ್
26 ಮೇ 2000, ಶುಕ್ರವಾರ

ಅವ್ವೀ,

ಮೊಣಕಾಲು ಹೇಗಿದೆ? ಮೊದಲೇ ಕೇಳಿಬಿಟ್ಟೆ. ಇದು ನನ್ನದೇ ಕಾಗದ ಎಂದು ನಿನಗೆ ಗೊತ್ತಾಗಲಿ.

ಈ ಲಕೋಟೆಯ ಮೇಲೆ 'ದುರ್ಗಮ್ಮ, ಮೀನು ಮಾರ್ಕೆಟ್ಟು, ಭಟ್ಕಳ' ಎಂದು ಬರೆಯುತ್ತೇನೆ. ಮನೆಯ ವಿಳಾಸವಲ್ಲ, ಮಂಗಲಾಳ ಬೂತಿನದೂ ಅಲ್ಲ. ಪೋಸ್ಟ್‌ಮನ್ ಮಾರ್ಕೆಟ್ಟಿನ ನಡುವೆ ನಿಂತು ನಿನ್ನ ಹೆಸರು ಕೂಗಲಿ. ಬುಟ್ಟಿ ಬಿಟ್ಟು ಎದ್ದು ಹೋಗಿ ನಿನ್ನ ಕೈಯಿಂದಲೇ ತಗೋ. ಮತ್ತೆ ಮಂಗಲಾಳ ಹತ್ತಿರ ಓದಿಸು. ಎರಡು ಸಲ ಓದಿಸು.

ನೀನು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಸಮುದ್ರ ಇಲ್ಲಿಯೂ ಉಪ್ಪೇ. ಬಂದ ಮರುದಿನವೇ ಬಗ್ಗಿ ಬೆರಳು ಅದ್ದಿ ನೆಕ್ಕಿ ನೋಡಿದ್ದೆ, ಯಾರೂ ಕಾಣದ ಹಾಗೆ. ನಮ್ಮದಕ್ಕಿಂತ ತಣ್ಣಗೆ, ಬಣ್ಣ ಬೂದಿ. ಊರು ಸಣ್ಣದು, ಹಿಂದೆ ಗುಡ್ಡ, ಗುಡ್ಡದ ಮೇಲೆ ಕುರಿ. ಸಂಜೆ ಐದೂವರೆಗೆಲ್ಲ ಅಂಗಡಿ ಬಾಗಿಲು ಹಾಕುತ್ತಾರೆ. ಇಲ್ಲಿಯವರಿಗೆ ಎರಡು ಭಾಷೆ. ಅಂಗಡಿಯಲ್ಲಿ ತಮ್ಮ ಭಾಷೆ ಆಡುತ್ತಿದ್ದವರು ನಾನು ಒಳಗೆ ಕಾಲಿಟ್ಟ ಕೂಡಲೇ ಇಂಗ್ಲಿಷಿಗೆ ಬದಲಾಗುತ್ತಾರೆ. ಮಾರ್ಕೆಟ್ಟಿನಲ್ಲಿ ನೀನು ಗಿರಾಕಿಯ ಮುಖ ನೋಡಿ ಕನ್ನಡ ಬಿಟ್ಟು ಕೊಂಕಣಿಗೋ ನವಾಯತಿಗೋ ಬದಲಾಗುತ್ತೀಯಲ್ಲ, ಹಾಗೆ. ಮೀನಿನ ತಲೆ ಬಿಸಾಡುತ್ತಾರೆ ಅವ್ವಿ. ಇಷ್ಟು ದೊಡ್ಡ ತಲೆ, ಸೀದಾ ಕಸದ ಡಬ್ಬಿಗೆ. ಎಂಟು ತಿಂಗಳು ನೋಡಿಯೂ ಸುಮ್ಮನಿದ್ದೆ. ಕಳೆದ ವಾರ ಅಂಗಡಿಯವನ ಹತ್ತಿರ, ಅದನ್ನು ನನಗೆ ಕೊಡಿ ಎಂದು ಬಾಯಿ ಬಿಟ್ಟು ಕೇಳಿದೆ. 'ಬೆಕ್ಕಿಗಾ?' ಎಂದ. 'ಅಲ್ಲ, ನನಗೆ' ಎಂದೆ. ಕಾಗದದಲ್ಲಿ ಸುತ್ತಿ ಕೊಟ್ಟ. ಸಾರು ಮಾಡಿದೆ. ಒಬ್ಬಳೇ ಕೂತು ಉಂಡೆ. ಜೊತೆಗೆ ಉಣ್ಣುವವರು ಯಾರೂ ಇಲ್ಲ, ಅದಕ್ಕೆ ಸುಳ್ಳು ಹೇಳುವುದಿಲ್ಲ. ಕೂದಲನ್ನು ಹೀಟರಿನ ಮುಂದೆ ಕೂತು ಒಣಗಿಸುತ್ತೇನೆ.

ನಿನ್ನ ಕಾಗದ ಬಂದು ನಾಲ್ಕು ವಾರವಾಯಿತು. ಉತ್ತರ ಬರೆಯಲಿಲ್ಲ. ನಾಚಿಕೆ. ಚಳಿಗಾಲವಿಡೀ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಓದಲು ಬಾರದ ನೀನು ಆ ಸುಳ್ಳನ್ನು ಎರಡೇ ಓದಿಗೆ ಹಿಡಿದೆ, ನನಗೆ ಆರು ತಿಂಗಳು ಬೇಕಾಯಿತು. ಅದೂ ನೀನು ಮೂಲೆ ಹರಿದ ಮೇಲೆ.

ಆಮೇಲೆ ಅಣ್ಣನ ಕಾಗದ ಬಂತು. ಅವನು ಬರೆದದ್ದರಲ್ಲಿ ನಿಜ ಇದೆ. ಅವನ ಬೆರಳುಗಳನ್ನು ನಾನು ಮರೆತಿಲ್ಲ. ಅದನ್ನು ಓದಿದ ಮಧ್ಯಾಹ್ನ ಎದ್ದು ಟಿಕೇಟಿನ ಆಫೀಸಿಗೆ ಹೋಗಿ ಜೂನ್ ಎರಡರ ವಿಮಾನದಲ್ಲಿ ಒಂದು ಸೀಟು ಹಿಡಿಸಿ ಬಂದೆ. ಯಾರೂ ಎಳೆದುಕೊಂಡು ಹೋಗಲಿಲ್ಲ, ನಾನೇ ನಡೆದು ಹೋದೆ. ತಲೆ ತಗ್ಗಿಸುವುದು ಅಷ್ಟು ಅಭ್ಯಾಸವಾಗಿದೆ. ಶುಕ್ರವಾರ ಸಂಜೆ ಐದರೊಳಗೆ ಹಳೆಯ ಟಿಕೇಟು ತಂದು ಕೊಟ್ಟರೆ ಬದಲಿಸಿ ಕೊಡುತ್ತೇನೆ, ತಪ್ಪಿದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಅಲ್ಲಿಯ ಹೆಂಗಸು ಹೇಳಿದಳು.

ಆದರೆ ಆವತ್ತಿನಿಂದ ಸಿಟ್ಟು ಇಳಿಯುತ್ತಲೇ ಇಲ್ಲ. ಅವನು ಐಸ್ ಹೊತ್ತದ್ದು ನಿಜ, ನನ್ನನ್ನು ಓದಿಸಿದ್ದೂ ನಿಜ. ಅದಕ್ಕಾಗಿ ಜೀವಮಾನವಿಡೀ ಅವನಿಗೆ ಕೈ ಮುಗಿಯುತ್ತೇನೆ. ಆದರೆ ಅವನು ನಿನ್ನ ಮಾತನ್ನು ನನ್ನಿಂದ ಕದ್ದ, ನನ್ನ ಮಾತನ್ನು ನಿನ್ನಿಂದ ಕದ್ದ. ಎಷ್ಟು ವರ್ಷ ಐಸ್ ಹೊತ್ತರೂ ಅದಕ್ಕೆ ಹಕ್ಕು ಬರುವುದಿಲ್ಲ. ಒಲೆಗೆ ಹಾಕುತ್ತಾನಂತೆ. ಹಾಕಲಿ.

ಮೊನ್ನೆ ಹೊನ್ನಾವರಕ್ಕೆ ನಿತ್ಯಾನಂದರ ಹೆಸರಿಗೇ ಒಂದು ಕಾಗದ ಹಾಕಿದೆ. ನಾನು ಒಪ್ಪಿಗೆ ಕೊಟ್ಟಿರಲಿಲ್ಲ, ಈಗಲೂ ಕೊಡುವುದಿಲ್ಲ, ನಿಮ್ಮ ಮೇಲೆ ನನಗೇನೂ ದೂರಿಲ್ಲ ಎಂದು ಬರೆದೆ. ಮೂರು ಸಾಲು ಬರೆಯಲು ಇಡೀ ಬೆಳಿಗ್ಗೆ ಹಿಡಿಯಿತು. ಅಣ್ಣನಿಗೂ ಬರೆದೆ, ಒಂದೇ ಸಾಲು: 'ಬೇಡ ಎಂದು ಹೇಳುತ್ತಿರುವವಳು ನಾನೇ.' ಇನ್ನು ಮನೆಯಲ್ಲಿ ಜಗಳವಾಗುತ್ತದೆ. ನಾನು ಇಲ್ಲಿರುತ್ತೇನೆ, ಅದನ್ನು ಕೇಳುವವಳು ನೀನು. ಅದೊಂದೇ ನನಗೆ ಕಷ್ಟವಾಗುತ್ತಿರುವುದು.

ನೀನು ಕಳಿಸಿದ ಮೂಲೆಯನ್ನು ಹಳೆಯ ಲಕೋಟೆಗೆ ಹೊಂದಿಸಿ ನೋಡಿದೆ. ಸರಿಯಾಗಿ ಕೂತಿತು. ಅಂಟಿಸಲಿಲ್ಲ. ಈ ಲಕೋಟೆಯ ನಾಲ್ಕು ಮೂಲೆಗಳನ್ನೂ ಮುಟ್ಟಿ ನೋಡು. ಯಾವುದಕ್ಕೂ ಅರಿಶಿನವಿಲ್ಲ, ಯಾವುದೂ ಹರಿದಿಲ್ಲ.

ಸೆಪ್ಟೆಂಬರಿನಲ್ಲಿ ಪ್ರಬಂಧ ಒಪ್ಪಿಸಿ ಬರುತ್ತೇನೆ. ಬಸ್ಸಿಳಿದವಳು ಮೊದಲು ಮಾರ್ಕೆಟ್ಟಿಗೆ ಬರುತ್ತೇನೆ, ಹೆಬಳೆಗಲ್ಲ.

ಗ್ರಂಥಾಲಯದ ಕಿಟಕಿಯ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ. ಎದುರಿಗೇ ಟಿಕೇಟಿನ ಆಫೀಸು ಕಾಣುತ್ತದೆ. ಹಳೆಯ ಟಿಕೇಟು ನನ್ನ ಚೀಲದಲ್ಲೇ ಇದೆ. ಐದಕ್ಕೆ ಹತ್ತು ನಿಮಿಷವಿರುವಾಗ ಆ ಹೆಂಗಸು ಬಾಗಿಲಿಗೆ ಬಂದು ಬೀದಿಯ ಎರಡೂ ಕಡೆ ನೋಡಿದಳು. ಈಗ ಬೋರ್ಡು ತಿರುಗಿಸಿ, ಬೀಗ ಹಾಕಿ, ಸೈಕಲ್ ಹತ್ತಿ ಹೋದಳು. ನಾನು ಏಳಲಿಲ್ಲ.

ನಿನ್ನ
ನರ್ಮದಾ